ಅವರ್ಸಾದ ಬಚ್ಚಲಲ್ಲಿ ನಾನು ಹಿಡಿದ ಜಡೆ

ಪ್ರತಿಯೊಬ್ಬ ಮನುಷ್ಯನ ಒಳಗೂ ಅವನು ಸ್ವತಃ ಕೇಳಿರದ ಒಂದು ಕಿರುಚು ಇರುತ್ತದೆ ಎಂದು ನನಗೆ ಈಚೆಗೆ ಖಾತ್ರಿಯಾಗಿದೆ. ಹಲ್ಲಿ ಮೈಮೇಲೆ ಬಿದ್ದಾಗ, ಇಸ್ತ್ರಿ ಪೆಟ್ಟಿಗೆ ಶಾಕ್ ಹೊಡೆದಾಗ, ಗ್ಯಾಸ್ ಮೇಲಿಟ್ಟ ಹಾಲು ಉಕ್ಕಿದಾಗ ನಾವು ಹಾಕುವುದೆಲ್ಲ ಚಿಲ್ಲರೆ ಕೂಗು. ಅಸಲಿ ಕಿರುಚು ಹೊಟ್ಟೆಯ ತಳದಲ್ಲೆಲ್ಲೋ ಮಡಚಿಕೊಂಡು ಮಲಗಿರುತ್ತದೆ. ಬಹಳ ಜನ ಅದನ್ನು ಒಮ್ಮೆಯೂ ಹೊರಗೆ ತೆಗೆಯದೆ ಸುಖವಾಗಿ ಬದುಕು ಮುಗಿಸುತ್ತಾರೆ. ನಾನೂ ಹಾಗೆಯೇ ಮುಗಿಸುವವಳಿದ್ದೆ. ಕಾರವಾರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನನ್ನ ದನಿ ಮೂರನೇ ಬೆಂಚು ದಾಟುವುದಿಲ್ಲವೆಂದು ಮಕ್ಕಳ ತಾಯಂದಿರೇ ದೂರಿದ್ದಾರೆ. ಅಂಥ ನನ್ನ ದನಿ ಅವರ್ಸಾದ ಒಂದು ಹಿತ್ತಲಿನಿಂದ ಹೊರಟು, ಗದ್ದೆ ದಾಟಿ, ಹೆದ್ದಾರಿಯ ಪಕ್ಕದ ಚಹಾದಂಗಡಿಯವರೆಗೆ ಕೇಳಿಸಿತಂತೆ. ಅಲ್ಲಿ ಚಹಾ ಕುಡಿಯುತ್ತ ಕೂತಿದ್ದ ನನ್ನ ಗಂಡ, "ಯಾರೋ ಪಾಪ" ಎಂದು ಹೇಳಿ ಇನ್ನೊಂದು ಗುಟುಕು ಕುಡಿದರಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ದನಿ ಅವರಿಗೆ ಗುರುತಾಗಲಿಲ್ಲ. ನನಗೇ ಗುರುತಾಗಲಿಲ್ಲ ಎಂದ ಮೇಲೆ ಅವರನ್ನು ದೂರುವಂತೆಯೂ ಇಲ್ಲ.

ಇದಕ್ಕೆ ಕಾರಣ ನನ್ನ ಕೂದಲು. ಇಲ್ಲದ ಕೂದಲು ಎಂದರೆ ಇನ್ನೂ ಸರಿ. ಒಂದು ಕಾಲಕ್ಕೆ ನನಗೆ ಸೊಂಟ ಮುಟ್ಟುವ ಜಡೆ ಇತ್ತು. ನಮ್ಮ ಮನೆ ಇರುವ ಕೋಡಿಬಾಗದಲ್ಲಿ ಕಾಳಿ ನದಿ ಕಡೆಯಿಂದ ಬೀಸುವ ಉಪ್ಪುಗಾಳಿ ಕಬ್ಬಿಣದ ಗೇಟನ್ನೇ ಪದರ ಪದರವಾಗಿ ತಿಂದುಹಾಕುತ್ತದೆ. ನನ್ನ ಜಡೆ ಎಷ್ಟರದ್ದು! ಬಾಚಣಿಗೆಗೆ ಬರುವುದು ಹೆಚ್ಚಾಗಿ, ತಲೆಯ ಮೇಲೆ ಉಳಿಯುವುದು ಕಡಿಮೆಯಾಗಿ, ಕೊನೆಗೆ ತುರುಬು ಕಟ್ಟಿದರೆ ಅಡಿಕೆಯಷ್ಟು ನಿಂತಿತು. ಆಗ ನಾನು ಒಂದು ಚೌರಿ ಕೊಂಡೆ. ಗಿಡ್ಡ ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕೂದಲಿನ ಕಟ್ಟು ಅದು. ನೈಲಾನಿನದು ಬಿಸಿಲಲ್ಲಿ ಮಿಂಚಿ ಗುಟ್ಟು ಬಿಟ್ಟುಕೊಡುತ್ತದೆಂದು ಅಂಗಡಿಯವಳು ಹೆದರಿಸಿದ್ದಕ್ಕೆ ಅಸಲು ಕೂದಲಿನದನ್ನೇ ತಂದೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಕೆಲವು ದಿನ ನನಗೇ ಅದು ನನ್ನದಲ್ಲವೆಂದು ನೆನಪಿರುತ್ತಿರಲಿಲ್ಲ. ಈ ವಿಷಯ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಗೊತ್ತಿಲ್ಲದವರಲ್ಲಿ ಮೊದಲಿಗರು ಸುಮತಿ ಅತ್ತಿಗೆ, ಎಂದರೆ ನನ್ನ ಗಂಡನ ಅಕ್ಕ. ಅವರ್ಸಾದಲ್ಲಿ ಅವರದು ತೆಂಗಿನ ಹಿತ್ತಲು, ಗದ್ದೆ, ಕೆಂಪು ಚಿರೇಕಲ್ಲಿನ ಮನೆ. ನನ್ನ ಜಡೆ ಕಂಡರೆ ಅವರಿಗೆ ಎಲ್ಲಿಲ್ಲದ ಮೆಚ್ಚುಗೆ. "ಎಂತಾ ಹಾಕ್ತೆ ಮಾರಾಯ್ತಿ ಇದಕ್ಕೆ?" ಎಂದು ಕೇಳುವರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ನಗೆಯಿಂದ ಅವರು ತಾವೇ ಒಂದು ತೀರ್ಮಾನಕ್ಕೆ ಬಂದು, ಕೋಡಿಬಾಗದ ಬಾವಿ ನೀರಿನಲ್ಲೇ ಏನೋ ಇದೆಯೆಂದು ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗಿ ತಲೆಗೆ ಹಾಕಿಕೊಂಡಿದ್ದರು. ಉಪ್ಪು ನೀರಿಗೆ ಅವರ ಕೂದಲು ತೆಂಗಿನ ನಾರಾಯಿತು. "ನಮಗೆ ಕೂಡಿಬರ್ಲಿಲ್ಲ, ಅಷ್ಟೇ" ಎಂದು ಅವರೇ ಸಮಾಧಾನ ಹೇಳಿಕೊಂಡರು.

ಅವರ ಮಗಳು ಮೇಘಾಳಿಗೆ ಸೀಮಂತ ಗೊತ್ತಾಯಿತು. ಅವಳನ್ನು ಕೊಟ್ಟದ್ದು ಅಂಕೋಲೆಗೆ. ಹೂ ಮುಡಿಸುವ ಶಾಸ್ತ್ರ ಅವರ್ಸಾದಲ್ಲಿ, ತಾಯಿಯ ಮನೆಯಲ್ಲಿ. ಅತ್ತಿಗೆ ಫೋನು ಮಾಡಿ, "ನೋಡು ವಸುಧಾ, ಮೊದಲ್ನೇ ಹೂ ನೀನೇ ಮುಡಿಸ್ಬೇಕು. ನಿನ್ನ ಹಾಗೆ ಕೂದಲಿದ್ದವರು ಮುಡಿಸಿದ್ರೆ ಹುಟ್ಟೋ ಕೂಸಿಗೂ ಹಾಗೇ ಬರ್ತದೆ" ಎಂದರು. ಇಂಥ ಶಾಸ್ತ್ರ ಎಲ್ಲಿಯೂ ಇದ್ದಂತಿಲ್ಲ. ಅತ್ತಿಗೆ ಸ್ವಂತಕ್ಕೆ ಮಾಡಿಕೊಂಡದ್ದು. ನನ್ನ ಗಂಡ ಪೇಪರಿನ ಹಿಂದಿನಿಂದ ಕೆಮ್ಮಿದರು. ನಾನು "ಅಡ್ಡಿಲ್ಲ ಅತ್ತಿಗೆ" ಎಂದುಬಿಟ್ಟೆ.

ಮಳೆಗಾಲ ಮುಗಿಯುತ್ತ ಬಂದ ದಿನಗಳು. ಅವರ್ಸಾ ಕ್ರಾಸಿನಲ್ಲಿ ಬಸ್ಸಿಳಿದು, ಗಂಡ ಚಹಾದಂಗಡಿಗೆ ತಿರುಗಿದರು. ನಾನು ರಸ್ತೆ ದಾಟಲು ನಿಂತೆ. ಒಂದು ಲಾರಿ ಬಂದು ಹೊಂಡದಲ್ಲಿದ್ದ ಕೆಸರನ್ನೆಲ್ಲ ಎತ್ತಿ ನನ್ನ ಮೇಲೆ ಹಾಕಿ ಹೋಯಿತು. ಮನೆ ಮುಟ್ಟಿದಾಗ ಅತ್ತಿಗೆ ನನ್ನನ್ನು ನೋಡಿ, "ಮೊದಲು ಮಿಂದ್ಕೊಂಡು ಬಾ. ಒಳಗಿನ ಬಾತ್‌ರೂಮಲ್ಲಿ ಮೇಘಾಂದು ನಡೀತಾ ಇದೆ. ಹಿಂದಿನ ಬಚ್ಚಲಲ್ಲಿ ಹಂಡೆ ಕಾಯ್ತಾ ಇದೆ ನೋಡು" ಎಂದು ಕೈಗೆ ಟವಲು ಕೊಟ್ಟು ಕಳಿಸಿದರು. ಆ ಹಿಂದಿನ ಬಚ್ಚಲು ಬಾವಿಯ ಆಚೆ, ಮನೆಯಿಂದ ಬೇರೆಯಾಗಿ ಇರುವ ಹಳೆಯ ಕಟ್ಟೋಣ. ಗಿಲಾವು ಇಲ್ಲದ ಚಿರೇಕಲ್ಲಿನ ಗೋಡೆ, ಒಂದು ಸಣ್ಣ ಕಿಂಡಿ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಹಂಡೆ. ಈಗ ನೆಂಟರು ಹೆಚ್ಚಾದಾಗ ಮಾತ್ರ ಅದನ್ನು ಬಳಸುತ್ತಾರೆ. ಉಳಿದ ದಿನಗಳಲ್ಲಿ ಅದನ್ನು ಯಾರು ಬಳಸುತ್ತಾರೆಂದು ನಾನು ಕೇಳಬೇಕಿತ್ತು.

ಕನ್ನಡಕ ತೆಗೆದು ಕಿಂಡಿಯಲ್ಲಿಟ್ಟೆ. ಚೌರಿ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದೆ. ತಲೆಯ ತನಕ ಕೆಸರಾಗಿದ್ದರಿಂದ ತಲೆಗೂ ನೀರು ಹಾಕಿಕೊಂಡೆ. ಬಚ್ಚಲು ತುಂಬ ಹಬೆ. ಮೈ ಒರೆಸಿ, ಚೀಲದಲ್ಲಿ ತಂದಿದ್ದ ಹೊಸ ಸೀರೆ ಉಟ್ಟು, ತಲೆಗೆ ಟವಲು ಸುತ್ತಿಕೊಂಡು, ಇನ್ನು ಒಳಗೆ ಹೋಗಿ ಯಾವುದಾದರೂ ಕೋಣೆಯ ಅಗಳಿ ಹಾಕಿಕೊಂಡು ಜಡೆ ಹೆಣೆದುಕೊಂಡರಾಯಿತೆಂದು ಚೌರಿಗೆ ಕೈ ಚಾಚಿದೆ. ಕನ್ನಡಕ ಇರಲಿಲ್ಲ ನಿಜ. ಆದರೆ ಗೋಡೆಯ ಮೇಲೆ, ಮೊಳೆ ಇದ್ದ ಸುಮಾರಿಗೆ, ಕಪ್ಪಗೆ, ಸೊಂಪಾಗಿ, ತುದಿ ಇಳಿಬಿದ್ದು ಅದು ಕಾಣುತ್ತಲೇ ಇತ್ತು. ನಾನು ಅದನ್ನು ಮುಷ್ಟಿ ತುಂಬ ಹಿಡಿದೆ.

ಮೊದಲು ಅನಿಸಿದ್ದು, ಚೌರಿ ಯಾಕೆ ಇಷ್ಟು ಹಗುರವಾಗಿದೆ ಎಂದು. ಆಮೇಲೆ ಅದು ಉಸಿರಾಡಿತು. ನಿಜವಾಗಿ ಹೇಳುತ್ತೇನೆ, ಗೋಡೆಯ ಮೇಲಿನ ಆ ಇಡೀ ಕೂದಲ ರಾಶಿ ಒಮ್ಮೆಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಜೀಕತೊಡಗಿತು. ಮುಷ್ಟಿಯಲ್ಲಿದ್ದ ಕೂದಲು ಒಂದೊಂದಾಗಿ ಬಿಡಿಸಿಕೊಂಡು ನನ್ನ ಮೊಣಕೈ ಕಡೆ ನಡೆಯಿತು. ಕೂದಲು ನಡೆಯುವುದನ್ನು ನೀವು ನೋಡಿದ್ದೀರಾ? ಪ್ರತಿ ಎಳೆಯೂ ಬೇರೆ ಬೇರೆ ದಿಕ್ಕಿಗೆ, ಅವಸರದಲ್ಲಿ, ಬಾಗಿ ಬಳುಕಿ ನಡೆಯುತ್ತದೆ. ನನಗೆ ಆ ಕ್ಷಣ ಹೊಳೆದದ್ದು ಒಂದೇ: ಇಷ್ಟು ಕಾಲ ನಾನು ತಲೆಯ ಮೇಲೆ ಹೊತ್ತು ತಿರುಗಿದ್ದಕ್ಕೆ ಜೀವ ಇತ್ತು! ಆಗ ಹೊರಟದ್ದೇ ಆ ಕಿರುಚು.

ಹೊರಗೆ ಓಡಿ ಬಂದು ಬಾವಿಕಟ್ಟೆಗೆ ಒರಗಿ ನಿಂತಾಗ ಮನೆಯ ಹೆಂಗಸರೆಲ್ಲ ಹಿತ್ತಲಿಗೆ ಬಂದಿದ್ದರು. ಅತ್ತಿಗೆ ಪೊರಕೆ ಹಿಡಿದೇ ಬಂದಿದ್ದರು. "ಎಂತಾ ಆಯ್ತೇ? ಹಾವಾ?" ಬಚ್ಚಲಿನ ಕಡೆ ಕೈ ತೋರಿಸಿ, "ಕಪ್ಪು... ರಾಶಿ... ಕಾಲು..." ಎಂದೆ. ಅತ್ತಿಗೆ ಸೀರೆ ಎತ್ತಿ ಕಟ್ಟಿ ಒಳಗೆ ನುಗ್ಗಿದರು. ಪೊರಕೆಯ ಏಟಿನ ಸಪ್ಪಳ ಧಪಧಪ ಎಂದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಹೊರಗೆ ಬಂದು, "ಮುಗೀತು. ನೆಲದ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಹೊಡೆದು, ಗುಡಿಸಿ, ಒಲೆಗೆ ಹಾಕಿದೆ. ಒಂದನ್ನೂ ಬಿಡ್ಲಿಲ್ಲ" ಎಂದರು.

"ಒಲೆಗೆ ಹಾಕಿದ್ರಾ? ಅಯ್ಯೋ ದೇವರೇ, ಯಾಕೆ?" ಎನ್ನುತ್ತ ಗುಂಪಿನಿಂದ ಒಬ್ಬ ಹುಡುಗಿ ಮುಂದೆ ಬಂದಳು. ಮೇಘಾಳ ಗಂಡನ ತಂಗಿ, ಅಶ್ವಿನಿ. ಯಾವುದೋ ವಿಶ್ವವಿದ್ಯಾಲಯದಲ್ಲಿ ಹುಳಹುಪ್ಪಟೆಗಳ ಮೇಲೆ ಸಂಶೋಧನೆ ಮಾಡುತ್ತಾಳೆಂದು ಕೇಳಿದ್ದೆ. ರೇಷ್ಮೆ ಸೀರೆಯಲ್ಲೇ ಮೊಬೈಲಿನ ಟಾರ್ಚು ಹಚ್ಚಿಕೊಂಡು ಬಚ್ಚಲಿಗೆ ಹೋದಳು. ಒಳಗಿನಿಂದ ಅವಳ ಕೂಗು ಕೇಳಿಸಿತು. ಅದು ಹೆದರಿಕೆಯ ಕೂಗಲ್ಲ, ಲಾಟರಿ ಹೊಡೆದವರ ಕೂಗು. "ಉದ್ದಕಾಲಿನ ಹುಳ! ಎಲ್ಲಾ ಇಲ್ಲೇ ಇವೆ! ಮೇಲೆ ಜಂತಿಯ ಸಂದಿಗೆ ಹೋಗಿ ಕೂತಿವೆ. ಒಂದೂ ಸತ್ತಿಲ್ಲ!"

ಅತ್ತಿಗೆಯ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನು ಹೊಡೆದದ್ದು ಎಂತಾದನ್ನು?"

ಎಲ್ಲರಿಗಿಂತ ಮೊದಲು ಉತ್ತರ ತಿಳಿದದ್ದು ನನಗೆ. ಮೊಳೆಯಿಂದ ಜಾರಿ ನೆಲಕ್ಕೆ ಬಿದ್ದಿದ್ದ ನನ್ನ ಚೌರಿ ಪೊರಕೆಯ ಏಟು ತಿಂದು, ಹಂಡೆಯ ಕೆಳಗೆ ಬೇಯುತ್ತಿತ್ತು. ತಲೆಯ ಟವಲನ್ನು ಬಿಗಿ ಮಾಡಿಕೊಂಡೆ. ಮೇಘಾಳ ಅತ್ತೆ, ಅಂಕೋಲೆಯ ಬೀಗಿತ್ತಿ, ಗಂಭೀರ ಹೆಂಗಸು, ಅಲ್ಲೇ ನಿಂತಿದ್ದರು. ಯಾರಾದರೂ ಒಲೆಯ ಕಡೆ ಬಗ್ಗಿ ನೋಡಿದರೆ ಮುಗಿಯಿತು. ನೋಡದಂತೆ ಮಾಡುವ ಉಪಾಯ ಯಾವುದು? ಅಶ್ವಿನಿಯನ್ನು ಮಾತಾಡಿಸುತ್ತಲೇ ಇರಬೇಕು. ನಾನು ಎಂದೂ ವಿಜ್ಞಾನದ ಪಾಠ ಕಿವಿಗೊಟ್ಟು ಕೇಳಿದವಳಲ್ಲ. ಆದರೂ ಕೇಳಿದೆ: "ಇದು ಯಾವ ಜಾತಿಯ ಜೇಡ ಅಶ್ವಿನಿ?"

"ಇದು ಜೇಡವೇ ಅಲ್ಲ ಅಕ್ಕೋರೆ!" ನಮ್ಮ ಕಡೆ ಶಾಲೆಯ ಟೀಚರು ಎಲ್ಲರಿಗೂ ಅಕ್ಕೋರು. ಅವಳು ಒಂದನ್ನು ಅಂಗೈ ಮೇಲೆ ಹತ್ತಿಸಿಕೊಂಡು, ಕಿಂಡಿಯಲ್ಲಿದ್ದ ನನ್ನ ಕನ್ನಡಕವನ್ನೂ ಹಿಡಿದು ಹೊರಗೇ ತಂದಳು. ಎಲ್ಲರೂ ಬಾವಿಯವರೆಗೆ ಹಿಂದೆ ಸರಿದೆವು. "ಜೇಡಕ್ಕೆ ನಡು ಇರ್ತದೆ. ಇದಕ್ಕೆ ನೋಡಿ, ತಲೆ ಹೊಟ್ಟೆ ಎಲ್ಲ ಸೇರಿ ಒಂದೇ ಗುಂಡು. ಎಂಟು ಕಾಲಿದ್ದ ಮಾತ್ರಕ್ಕೆ ಜೇಡ ಅಂದ್ರೆ ಹೇಗೆ? ಇದು ನೂಲು ತೆಗೆಯೋದಿಲ್ಲ, ಬಲೆ ಕಟ್ಟೋದಿಲ್ಲ."

ಕನ್ನಡಕ ಹಾಕಿಕೊಂಡು ನೋಡಿದೆ. ಉದ್ದಿನ ಕಾಳೊಂದಕ್ಕೆ ಎಂಟು ಕೂದಲು ಅಂಟಿಸಿದ ಹಾಗಿತ್ತು. "ಆದರೆ ವಿಷ? ಜಗತ್ತಿನಲ್ಲೇ ಎಲ್ಲಕ್ಕಿಂತ ಹೆಚ್ಚು ವಿಷ ಇದಕ್ಕೇ ಅಂತ ವಾಟ್ಸಾಪಿಗೆ ಬಂದಿತ್ತಲ್ಲ?" "ವಿಷದ ಗ್ರಂಥಿಯೇ ಇಲ್ಲ ಅಕ್ಕೋರೆ." ನನಗೆ ಆಘಾತವಾಯಿತು. ಆ ಸುದ್ದಿಯನ್ನು ನಾನೇ ಇಡೀ ಶಾಲೆಯ ಗುಂಪಿಗೆ ಕಳಿಸಿದ್ದೆ. "ಕಣ್ಣೆಲ್ಲಿ ಹಾಗಾದರೆ?" "ಬೆನ್ನ ಮೇಲೆ ಸಣ್ಣ ಗುಬುಟು ಕಾಣ್ತದಲ್ಲ, ಅದರ ಎರಡು ಪಕ್ಕಕ್ಕೆ ಎರಡು ಕಣ್ಣು." ಬೆನ್ನ ಮೇಲೆ ಕಣ್ಣು! "ಅಷ್ಟರಲ್ಲಿ ಅದಕ್ಕೆ ದಾರಿ ಹೇಗೆ ಕಾಣುತ್ತದೆ?" "ಕಾಣೋದು ಕಡಿಮೆ. ಎರಡನೇ ಜೊತೆ ಕಾಲು ಎಲ್ಲಕ್ಕಿಂತ ಉದ್ದ ಇದೆಯಲ್ಲ, ಅದರಿಂದ ತಡಕಿಕೊಂಡೇ ಲೋಕ ತಿಳೀತದೆ." ಕನ್ನಡಕ ತೆಗೆದ ನಾನೂ ಹೀಗೇ ಅಲ್ಲವೇ ತಡಕಿದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಗ ನನ್ನ ಅಂಗೈಯಲ್ಲಿ ಏನೋ ಮಿಸುಕಿತು. ಮುಷ್ಟಿ ಬಿಡಿಸಿದರೆ ಒಂದು ಕಾಲು. ಕಾಲು ಮಾತ್ರ, ಒಡೆಯನಿಲ್ಲ. ಅದು ತನ್ನಷ್ಟಕ್ಕೆ ಮಡಚುತ್ತಿತ್ತು, ಬಿಡಿಸುತ್ತಿತ್ತು. ನನ್ನಲ್ಲಿ ಇನ್ನೂ ಒಂದು ಕಿರುಚು ಉಳಿದಿತ್ತೆಂಬುದು ಆಗ ತಿಳಿಯಿತು. ಏಡಿಯ ಕಾಲು ಮುರಿದು ಚೀಪುವುದರಲ್ಲಿ ನನ್ನನ್ನು ಮೀರಿಸುವವರು ಕೋಡಿಬಾಗದಲ್ಲೇ ಕಡಿಮೆ. ಆದರೆ ಏಡಿ ಬೆಂದ ಮೇಲೆ ಹೀಗೆ ಕೈಯಲ್ಲಿ ಸಂಭಾಷಣೆ ಮಾಡುವುದಿಲ್ಲವಲ್ಲ! "ಹೆದರಬೇಡಿ. ಹಿಡಿದವರ ಕೈಗೆ ಕಾಲು ಬಿಟ್ಟು ಓಡಿಹೋಗ್ತವೆ. ಬಿಟ್ಟ ಕಾಲು ಒದ್ದಾಡ್ತಾ ಇದ್ರೆ ವೈರಿಗೆ ಅದರ ಮೇಲೇ ಗಮನ. ಅಷ್ಟರಲ್ಲಿ ಇವು ತಪ್ಪಿಸಿಕೊಂಡಿರ್ತವೆ" ಎಂದಳು ಅಶ್ವಿನಿ. "ಮತ್ತೆ ಬೆಳೆಯುತ್ತದೆ ಅಲ್ಲವೇ?" "ಇಲ್ಲ. ಹೋದದ್ದು ಹೋಯ್ತು. ಉಳಿದ ಕಾಲಲ್ಲೇ ನಡೀತವೆ."

ಒಲೆಯಿಂದ ಹೊಗೆ ಹೊರಗೆ ಬರತೊಡಗಿತ್ತು. ನಾನು ಪ್ರಶ್ನೆಗಳ ವೇಗ ಹೆಚ್ಚಿಸಿದೆ. ಏನು ತಿನ್ನುತ್ತವೆ? ಸತ್ತ ಹುಳ, ಬೂಷ್ಟು, ಬಿದ್ದ ಹಣ್ಣು. ಜೇಡದ ಹಾಗೆ ರಸ ಮಾಡಿ ಹೀರುವುದಿಲ್ಲ, ತುಂಡು ಮಾಡಿ ಅಗಿಯುತ್ತವೆ. ಎಷ್ಟು ಬಗೆ ಇವೆ? ಲೋಕದಲ್ಲಿ ಸಾವಿರಾರು; ಉದ್ದಕಾಲೇ ಇಲ್ಲದ, ತರಗೆಲೆಯ ಅಡಿ ಉಣ್ಣಿಯ ಹಾಗೆ ತೆವಳುವ ಗಿಡ್ಡ ಬಗೆಗಳೂ ಇವೆ; ನಮ್ಮ ಘಟ್ಟದಲ್ಲಿ ಒಂದೇ ಗುಡ್ಡ ಬಿಟ್ಟು ಬೇರೆಲ್ಲೂ ಸಿಗದಂಥವೂ ಇರಬಹುದು. ಎಷ್ಟು ಹಳೆಯವು? ಡೈನೊಸಾರ್ ಹುಟ್ಟುವುದಕ್ಕೂ ಎಷ್ಟೋ ಮುಂಚಿನವು, ಆಗಲೂ ಹೆಚ್ಚುಕಡಿಮೆ ಇದೇ ರೂಪ. ಇಂಗ್ಲಿಷಿನಲ್ಲಿ ಇವಕ್ಕೆ ಹಾರ್ವೆಸ್ಟ್‌ಮನ್ ಎನ್ನುತ್ತಾರಂತೆ, ಎಂದರೆ ಸುಗ್ಗಿಯವನು. "ಅದಕ್ಕೇ ಕುಣೀತವೆ!" ಎಂದರು ಅತ್ತಿಗೆ. ಅಂಕೋಲೆಯ ಕಡೆ ಸುಗ್ಗಿ ಎಂದರೆ ಮೊದಲು ನೆನಪಾಗುವುದು ಕುಣಿತವೇ ತಾನೆ. "ಹೌದು, ಬೆದರಿದಾಗ ಎಲ್ಲ ಸೇರಿ ಹಾಗೆ ಜೀಕಿದ್ರೆ ವೈರಿಗೆ ಯಾವುದನ್ನು ಹಿಡೀಬೇಕು ಅಂತಲೇ ತಿಳಿಯೋದಿಲ್ಲ" ಎಂದಳು ಅಶ್ವಿನಿ. ನನಗೆ ತಿಳಿಯದೇ ಹೋದದ್ದಕ್ಕೆ ಸಾಕ್ಷಿ ನಾನೇ.

"ಮರಿಗಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದೆ. ಅಶ್ವಿನಿ ಅರಳಿಬಿಟ್ಟಳು. "ಕೆಲವು ಜಾತಿಗಳಲ್ಲಿ ಮೊಟ್ಟೆ ಕಾಯೋದು ಗಂಡು! ಹೆಣ್ಣು ಇಟ್ಟು ಹೋಗ್ತದೆ. ಗಂಡು ಇರುವೆ ಬರದ ಹಾಗೆ, ಬೂಷ್ಟು ಹಿಡಿಯದ ಹಾಗೆ ಅಲ್ಲೇ ಕೂತಿರ್ತದೆ. ಮೊದಲೇ ಮೊಟ್ಟೆ ಕಾಯ್ತಾ ಕೂತ ಗಂಡನ್ನೇ ಬೇರೆ ಹೆಣ್ಣುಗಳೂ ಹುಡುಕಿಕೊಂಡು ಬರ್ತವೆ." ಬಾಗಿಲಲ್ಲಿ ಅರ್ಧ ಅಲಂಕಾರದಲ್ಲಿ ನಿಂತಿದ್ದ ಮೇಘಾ, "ಇದನ್ನು ನಿನ್ನ ಅಣ್ಣನಿಗೆ ಒಂದು ಸಲ ಹೇಳು ಅಶ್ವಿನಿ" ಎಂದಳು. ಗಂಭೀರ ಬೀಗಿತ್ತಿ ಸಹ, "ಅವನಪ್ಪನಿಗೂ ಹೇಳು" ಎಂದರು.

ಎಲ್ಲರೂ ನಕ್ಕರು. ನಾನು ಗೆದ್ದೆ ಎಂದುಕೊಂಡೆ. ಆದರೆ ಅಷ್ಟರಲ್ಲಿ ಹೊಗೆ ಬಾವಿಕಟ್ಟೆಗೇ ಬಂದು ಮೂಗಿಗೆ ಬಡಿಯಿತು. ಬೀಗಿತ್ತಿ ಸೆರಗು ಮೂಗಿಗೆ ಹಿಡಿದರು. ಗಾಬರಿಯಲ್ಲಿ ನಾನು ಕೇಳಬಾರದ ಪ್ರಶ್ನೆ ಕೇಳಿದೆ: "ಇವಕ್ಕೆ ವಾಸನೆ ಕೂಡ ಇರುತ್ತದೆ ಅಲ್ಲವೇ ಅಶ್ವಿನಿ?"

"ಇರ್ತದೆ ಅಕ್ಕೋರೆ! ಎಷ್ಟು ಸರಿಯಾಗಿ ಕೇಳಿದ್ರಿ! ಮೈಯ ಎರಡು ಬದಿಗೆ ಗ್ರಂಥಿ ಇರ್ತವೆ. ಬೆದರಿದಾಗ ಅದರಿಂದ ಘಾಟು ಬಿಡ್ತವೆ." ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ. ಅಶ್ವಿನಿ ಉಸಿರು ಎಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. ಹುಬ್ಬು ಗಂಟಾಯಿತು. "ಆದರೆ ಇದು ಅದಲ್ಲ. ಇದು ಕೂದಲು ಸುಟ್ಟ ವಾಸನೆ."

ಬೇಡ ಎನ್ನುವಷ್ಟರಲ್ಲಿ ಅವಳು ಒಳಗೆ ಹೋಗಿ ಕಟ್ಟಿಗೆಯ ತುಂಡಿನಿಂದ ಒಲೆ ಕೆದಕಿ, ಅರ್ಧ ಸುಟ್ಟದ್ದನ್ನು ಹೊರಗೆ ತಂದಳು. ತುದಿಯಲ್ಲಿ ಕಪ್ಪು ದಾರದ ಕುಣಿಕೆ ಇನ್ನೂ ಹಾಗೇ ಇತ್ತು. ಅಂಥ ಕುಣಿಕೆ ಇರುವ ಪ್ರಾಣಿ ಪ್ರಪಂಚದಲ್ಲಿ ಇಲ್ಲವೆಂದು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ಎಲ್ಲರ ಕಣ್ಣೂ ನಿಧಾನವಾಗಿ ಒಲೆಯಿಂದ ಎದ್ದು ನನ್ನ ಟವಲಿನ ಮೇಲೆ ಬಂದು ಕೂತವು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಟವಲು ಬಿಚ್ಚಿದೆ.

ಅತ್ತಿಗೆಗೆ ಆದ ಆಘಾತ ನನ್ನ ಬಚ್ಚಲಿನ ಆಘಾತಕ್ಕೇನೂ ಕಡಿಮೆಯದಲ್ಲ. ಪೊರಕೆ ಕೈಯಿಂದ ಜಾರಿತು. "ಹಾಗಾದ್ರೆ ಕೋಡಿಬಾಗದ ನೀರು?" ಎಂದು ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆಂದು ಹೊಳೆದು ಮತ್ತೆ ಎತ್ತಿದೆ. ಅಷ್ಟು ಹೊತ್ತು ತಡೆದುಕೊಂಡಿದ್ದ ಮೇಘಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನಗಬೇಡ ಮಾರಾಯ್ತಿ, ಈಗ್ಲೇ ಏನಾದ್ರೂ ಆದೀತು" ಎಂದು ಬೀಗಿತ್ತಿ ಅವಳ ಬೆನ್ನು ಹಿಡಿದರು. ಆದರೆ ಬೀಗಿತ್ತಿಯ ಸೆರಗು ಈಗ ಮೂಗಿನ ಮೇಲಲ್ಲ, ಬಾಯಿಯ ಮೇಲಿತ್ತು.

ನಾನು ಸೋತ ಮುಖದಿಂದ, "ಮೊದಲನೇ ಹೂ ಬೇರೆ ಯಾರಾದರೂ ಮುಡಿಸಲಿ ಅತ್ತಿಗೆ" ಎಂದೆ. ಅತ್ತಿಗೆ ಬಾಯಿ ತೆರೆಯುವ ಮುಂಚೆ ಮೇಘಾ ಕಣ್ಣೊರೆಸಿಕೊಳ್ಳುತ್ತ, "ಬೇರೆ ಯಾರೂ ಬೇಡ. ವಸುಧತ್ತೆಯೇ ಮುಡಿಸ್ಬೇಕು. ಇಷ್ಟು ತಿಂಗಳೂ ಹೆರಿಗೆಯ ಹೆದರಿಕೆಯಲ್ಲೇ ಇದ್ದೆ ನಾನು, ಇವತ್ತು ನಕ್ಕೆ" ಎಂದಳು. ಅವಳು ಹೆದರಿದ್ದಳೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ಮಗಳನ್ನೇ ನೋಡಿದರು, ಆಮೇಲೆ ನನ್ನ ಕೈ ಹಿಡಿದು, "ಬಾ, ತಲೆ ಒರೆಸ್ತೆ. ಶೀತ ಆದೀತು" ಎಂದು ಒಳಗೆ ಕರೆದೊಯ್ದರು. ಒರೆಸುವುದಕ್ಕೆ ಹೊತ್ತೇನೂ ಹಿಡಿಯಲಿಲ್ಲ. ಅಬ್ಬಲಿಗೆಯ ದಂಡೆಯನ್ನು ನನ್ನ ಅಡಿಕೆ ತುರುಬಿಗೆ ಸುತ್ತಿದಾಗ ತುರುಬು ಕಾಣಲಿಲ್ಲ, ಹೂ ಮಾತ್ರ ಕಂಡಿತು. ಹಾಗೇ ಹೋಗಿ ಮೊದಲನೇ ಹೂ ಮುಡಿಸಿದೆ. ಆಮೇಲೆ ಅಶ್ವಿನಿ ನನ್ನ ಕಿವಿಯ ಹತ್ತಿರ ಬಗ್ಗಿ, "ಬೇಜಾರು ಮಾಡ್ಕೋಬೇಡಿ ಅಕ್ಕೋರೆ. ಅವು ಕಾಲು ಬಿಟ್ಟು ಓಡಿದ್ವು, ನೀವು ಕೂದಲು ಬಿಟ್ಟು ಓಡಿದ್ರಿ. ಇಬ್ರೂ ಬದುಕಿದ್ರಿ" ಎಂದಳು. ಸಮಾಧಾನ ಹೇಳುವ ರೀತಿ ಸಂಶೋಧಕರಿಗೆ ಕಲಿಸುವುದಿಲ್ಲವೆಂದು ಕಾಣುತ್ತದೆ.

ಮೇಘಾಳಿಗೆ ಹೆಣ್ಣು ಕೂಸು ಹುಟ್ಟಿತು. ಆರೋಗ್ಯವಾಗಿದೆ, ಗುಂಡಗಿದೆ, ತಲೆ ಮಾತ್ರ ಸುಲಿದ ತೆಂಗಿನಕಾಯಿಯ ಹಾಗೆ ನುಣ್ಣಗೆ. ತೊಟ್ಟಿಲ ಶಾಸ್ತ್ರದ ದಿನ ಅತ್ತಿಗೆ ಬಂದವರಿಗೆಲ್ಲ ಕೂಸಿನ ತಲೆ ತೋರಿಸಿ, ಆಮೇಲೆ ನನ್ನನ್ನು ತೋರಿಸಿದರು. ಹಿಂದಿನ ಬಚ್ಚಲನ್ನು ಈಗ ಯಾರೂ ಮೀಯಲು ಬಳಸುವುದಿಲ್ಲ. ಅಶ್ವಿನಿ ಆಗಾಗ ಬಂದು ಟಾರ್ಚು ಹಿಡಿದು ನೋಡಿ ಹೋಗುತ್ತಾಳೆ. ಅತ್ತಿಗೆ ಅವಕ್ಕೆ ಸುಗ್ಗಿಹುಳ ಎಂದು ಹೆಸರಿಟ್ಟಿದ್ದಾರೆ. ನೆಂಟರು ಬಂದರೆ ಚಹಾ ಕೊಟ್ಟ ಮೇಲೆ ಅಲ್ಲಿಗೆ ಕರೆದೊಯ್ದು, "ಇದೇ ಮೊಳೆ" ಎಂದು ಗೋಡೆ ತೋರಿಸುತ್ತಾರೆ. ನಾನು ಇನ್ನೊಂದು ಚೌರಿ ಕೊಂಡಿದ್ದೇನೆ. ಊರಿಗೆಲ್ಲ ಗೊತ್ತಾದ ಮೇಲೆ ಯಾಕೆ ಎಂದು ಗಂಡ ಕೇಳಿದರು. ಅದಿಲ್ಲದಿದ್ದರೆ ಕುತ್ತಿಗೆಯ ಹಿಂದೆ ಗಾಳಿ ಹೆಚ್ಚಾಗುತ್ತದೆ ಎಂದೆ.

ಮೊನ್ನೆ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿಗೆ ಕಾದು ನಿಂತಿದ್ದೆ. ಬಸಳೆಯ ಕಟ್ಟು ಹಿಡಿದ ಹೆಂಗಸೊಬ್ಬಳು, ನನಗೆ ಮುಖಪರಿಚಯವೂ ಇಲ್ಲದವಳು, ನನ್ನನ್ನು ಹಿಂದಿನಿಂದ ಮುಂದಿನಿಂದ ನೋಡಿ, ಹತ್ತಿರ ಬಂದು, "ಅವರ್ಸಾದಲ್ಲಿ ಜೇಡ ಹಿಡ್ಕೊಂಡು ಜಡೆ ಹಾಕ್ಲಿಕ್ಕೆ ಹೊರಟ ಅಕ್ಕೋರು ನೀವೇ ಅಲ್ದಾ?" ಎಂದು ಕೇಳಿದಳು. ಮಾನ ಹೋಗುವಂಥ ಪ್ರಶ್ನೆ. ಆದರೆ ನನ್ನ ಮೈ ಉರಿದದ್ದು ಅದರಲ್ಲಿದ್ದ ಒಂದೇ ಶಬ್ದಕ್ಕೆ. "ಜೇಡ ಅಲ್ಲ ಅದು!" ಎಂದು ನಾನು ಮೂರನೇ ಬೆಂಚು ದಾಟುವ ದನಿಯಲ್ಲೇ ಶುರುಮಾಡಿದೆ. ನಡು ಇಲ್ಲದ್ದು, ನೂಲು ಇಲ್ಲದ್ದು, ವಿಷ ಇಲ್ಲದ್ದು, ಬೆನ್ನ ಮೇಲಿನ ಗುಬುಟು, ಗಂಡು ಮೊಟ್ಟೆ ಕಾಯುವುದು, ಯಾವುದನ್ನೂ ಬಿಡಲಿಲ್ಲ. ನನ್ನ ಬಸ್ಸು ಬಂದು, ನಿಂತು, ಹೋಯಿತು. ಆ ಹೆಂಗಸು ಬಸಳೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಳ್ಳುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಕೊನೆಗೆ ನನ್ನ ಹೆಗಲ ಮೇಲಿಂದ ಇಳಿಬಿದ್ದ ಜಡೆಯನ್ನೇ ನೋಡುತ್ತ, "ಅದೆಲ್ಲ ಅಡ್ಡಿಲ್ಲ ಅಕ್ಕೋರೆ. ಈಗ ಹಾಕ್ಕೊಂಡದ್ದು ಎಂತಾದ್ದು?" ಎಂದಳು.

ನಾನು ಮೆಲ್ಲಗೆ ಕೈ ಜಡೆಗೆ ಒಯ್ದು ಒಂದು ಸಲ ಮುಟ್ಟಿ ನೋಡಿಕೊಂಡೆ.